ಎಲೆ ನೋಡಿ ಬಡಿಸುವವನು

ಒಂದೂರಿನಲ್ಲಿ ಒಬ್ಬ ಸಾಹುಕಾರ. ಹಣ ಇತ್ತು, ಗುಣವೂ ಇತ್ತು, ಇಲ್ಲವೆನ್ನಲಾರೆ. ಜೊತೆಗೆ ಒಂದು ಹಟವೂ ಇತ್ತು. ಮನುಷ್ಯನ ಸ್ವಭಾವ ತಿಳಿಯಬೇಕಾದರೆ ಅವನ ಕಣ್ಣು ನೋಡಿದರೆ ಸಾಕು ಎನ್ನುತ್ತಿದ್ದ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದವನು ಪ್ರಾಮಾಣಿಕ; ಕಣ್ಣು ತಪ್ಪಿಸಿದವನು ಕಳ್ಳ. ನೋಡಿ, ಎಷ್ಟು ಸುಲಭದ ಪರೀಕ್ಷೆ! ನಾವೂ ಇದನ್ನೇ ಮಾಡುತ್ತೇವೆ, ಅಲ್ಲವೇ?

ಅವನ ಮನೆಯಲ್ಲಿ ಪಂಕ್ತಿಗೆ ಬಡಿಸುವವನೊಬ್ಬ ಇದ್ದ. ವಯಸ್ಸಾದವನು, ಮಾತು ಕಡಿಮೆ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಯಜಮಾನನ ಮುಖ ನೋಡಿರಲಿಲ್ಲ. ಸಾಹುಕಾರನಿಗೆ ಇದು ಮುಳ್ಳಿನಂತೆ ಚುಚ್ಚುತ್ತಿತ್ತು. ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಬೆಳಗ್ಗೆ ಅವನನ್ನು ಕರೆದೇಬಿಟ್ಟ.

"ಯಾಕೋ, ನನ್ನ ಮಾರಿ ನೋಡಾಕ ನಿನಗೇನಾಗೇತಿ? ಏನ್ ಮುಚ್ಚಿಟ್ಟಿ?"

"ಏನೂ ಇಲ್ರಿ ಸಾವ್ಕಾರ್ರ. ಬಡಸಾವ ಎಲಿ ನೋಡ್ಬೇಕ್ರಿ. ಮಾರಿ ನೋಡಿದ್ರ ಉಣ್ಣಾವ್ರಿಗೆ ನಾಚಿಕಿ ಆಗತೈತ್ರಿ, ಅರ್ಧ ಹೊಟ್ಟ್ಯಾಗ ಎದ್ದು ಹೋಗ್ತಾರ್ರಿ."

ಈ ಉತ್ತರವನ್ನೂ ಅವನು ನೆಲ ನೋಡಿಕೊಂಡೇ ಕೊಟ್ಟ! ಸಾಹುಕಾರನಿಗೆ ರೇಗಿತು. "ಇವತ್ತಿನ ಪಂಕ್ತಿ ಮುಗಿಸು. ನಾಳಿಂದ ಬರಬ್ಯಾಡ."

ಮಧ್ಯಾಹ್ನ ಸಾಹುಕಾರ ಬೀಗರ ನಡುವೆ ಊಟಕ್ಕೆ ಕುಳಿತ. ಎಲ್ಲರೂ ಅವನ ಮುಖವನ್ನೇ ನೋಡಿ ಹೊಗಳುತ್ತಿದ್ದರು. ಅವನೂ ನಗುತ್ತಿದ್ದ. ತುತ್ತು ಮಾತ್ರ ಬಾಯಿಗೆ ಬರಲಿಲ್ಲ. ಕಲಸಿದ ಅನ್ನ ಬೆರಳಿನಿಂದ ಜಾರಿತು. ಮತ್ತೆ ಕಲಸಿದ, ಮತ್ತೆ ಜಾರಿತು. ಸುಸ್ತಿರಬೇಕು ಎಂದುಕೊಂಡ. ಅಷ್ಟರಲ್ಲಿ ಸಾರಿನ ಪಾತ್ರೆ ಹಿಡಿದು ಬಂದ ಬಡಿಸುವವನು ಅವನ ಎಲೆಯ ಮುಂದೆ ನಿಂತುಬಿಟ್ಟ.

"ಸಾವ್ಕಾರ್ರ, ಬಲಗೈ ಮ್ಯಾಲ ಎತ್ರಿ ನೋಡೋಣು."

ಕೈ ಏಳಲಿಲ್ಲ. "ಲಗೂನ ಗಾಡಿ ತರ್ರಿ!" ಎಂದು ಬಡಿಸುವವನು ಕೂಗಿದ. ಆ ಮನೆಯಲ್ಲಿ ಅವನು ದನಿ ಎತ್ತಿದ್ದು ಅದೇ ಮೊದಲು. ಸಾಹುಕಾರನಿಗೆ ಲಕ್ವ ಹೊಡೆದಿತ್ತು. ಬೇಗ ಕರೆತಂದದ್ದರಿಂದ ಜೀವವೂ ಉಳಿಯಿತು, ಕೈಯೂ ಉಳಿಯಿತು ಎಂದರು ವೈದ್ಯರು.

ಮನೆಗೆ ಮರಳಿದ ದಿನವೇ ಸಾಹುಕಾರ ಅವನಿಗೆ ಹೇಳಿ ಕಳಿಸಿದ. ಅವನು ಬಂದು ತಲೆ ತಗ್ಗಿಸಿ ಬಾಗಿಲಲ್ಲಿ ನಿಂತ. ಸಾಹುಕಾರ ಕಷ್ಟಪಟ್ಟು ಆ ಬಲಗೈಯನ್ನು ಎಡಗೈಗೆ ಸೇರಿಸಿ ಮುಗಿದ. ಸಾಹುಕಾರನ ಕಣ್ಣು ತುಂಬಿ ಬಂದಿತ್ತು.

"ನೀ ನನ್ನ ಮಾರಿ ನೋಡೂದು ಬ್ಯಾಡಪ್ಪಾ. ಇಪ್ಪತ್ತು ವರ್ಷ ನಾನ ನಿನ್ನ ನೋಡಿಲ್ಲ. ಇನ್ನ ನಾ ನೋಡ್ತೀನಿ."

ಕೇಳಿದಿರಾ? ಮನೆಗೆ ಬಂದ ಸೊಸೆ ತಲೆ ಎತ್ತುವುದಿಲ್ಲ, ಸೊಕ್ಕು ಎನ್ನುತ್ತೀರಿ. ಅಂಗಡಿಯ ಆಳು ಮುಖ ನೋಡಿ ಮಾತಾಡುವುದಿಲ್ಲ, ಕಳ್ಳ ಎನ್ನುತ್ತೀರಿ. ಒಬ್ಬರಿಗೆ ನಾಚಿಕೆ ಇದ್ದೀತು, ಒಬ್ಬರಿಗೆ ಅಂಜಿಕೆ ಇದ್ದೀತು. ಇನ್ನೊಬ್ಬರ ಕಣ್ಣು ನಿಮ್ಮ ಹಸಿವಿನ ಮೇಲೇ ಇದ್ದೀತು! ಕಣ್ಣು ನೋಡಿ ತೀರ್ಪು ಕೊಡುವುದನ್ನು ಇವತ್ತಿಗೇ ಬಿಡಿ.

ಈಗ ಪ್ರವಚನ ಮುಗಿಸಿ ಪ್ರಸಾದಕ್ಕೆ ಕೂರುತ್ತೀರಿ. ಬಡಿಸುವವರು ಎಲೆ ನೋಡಲಿ, ನೀವು ತಲೆ ಎತ್ತಿ ಅವರ ಮುಖ ನೋಡಿ. ಹೆಸರು ಕೇಳಿ. ಹೊಟ್ಟೆ ತುಂಬಿತು, ನಿಮ್ಮಿಂದ ಉಂಡೆ ಎಂದು ಬಾಯಿ ಬಿಟ್ಟು ಹೇಳಿ. ನಾಳೆ ಮನೆಯಲ್ಲೂ ಅಷ್ಟೇ, ಮೊಬೈಲು ಕೆಳಗಿಟ್ಟು ಉಣ್ಣಿ. ನಿನ್ನೆ ರಾತ್ರಿ ನಿಮಗೆ ಬಡಿಸಿದವಳ ಮುಖ ಹೇಗಿತ್ತು, ನಿಮ್ಮಲ್ಲಿ ಎಷ್ಟು ಜನ ಹೇಳಬಲ್ಲಿರಿ?