ಬಂಡಿಯಿಂದ ಬೀಳುವ ಸೀನು

…ಅವನ, ನಾಟಕ ಕಂಪನಿ ಮಾಲಕ ಪರಮೇಶಪ್ಪ! ಸವಣೂರ ಸಂತ್ಯಾಗ ಎಲ್ಲಾರ ಮುಂದ ಅಂದಿದ್ದ ನೋಡು: "ಮಂಜವ್ವ ಪಿಚ್ಚರ್ ತಗೀತಾಳಂತ! ಸಾಲಿ ಕಟ್ಟಿ ಹತ್ತದಾಕಿ ಕೈಲೆ ಏನಾದೀತು?" ನೀನೂ ಆಗ ಅವನ ಕಂಪನ್ಯಾಗ ಜನಾ ನಗಸಾಂವ, ಕುಬೇರಪ್ಪಣ್ಣಾ. ಅವನ್ನ ಬಿಟ್ಟು ನನ್ನ ಹಿಂದ ಬಂದಿ… ಅಲಗಾಡಬ್ಯಾಡ! ಉಪ್ಪಿನ ಗಂಟು ಸುಡತೈತೇನು? ಸುಡಲಿ. ಕಾಲಿನ ಬಾವು ಇಳೀಬೇಕಲ್ಲ.

ನಾಟಕದ ಹ್ಯಾಂಡಬಿಲ್ ನೋಡಿ ನೋಡಿ ಓದಾಕ ಕಲತಾಕಿ ನಾ. ಈ ಪಿಚ್ಚರ್ ಕಥಿನೂ ನಂದ. ಹಸದ ನಟರಿಬ್ಬರು ರಾಜಾ-ಮಂತ್ರಿ ವೇಷ ಹಾಕ್ಕೊಂಡು ಯಾರೂ ಕರೀದ ಮದುವಿಗೆ ಉಣ್ಣಾಕ ಹೋಗೂದು… ಯಾಕ ನಗತಿ? ಹಸದದ್ದಕ್ಕ ವೇಷ ಯಾಕ ಬೇಕು ಅಂತೀಯೇನು? ಹೌದ ಬಿಡು, ಒಣಾ ರೊಟ್ಟಿ-ಖಾರ ತಿಂದ ಆಡಾಕತ್ತೀರಿ ಎಲ್ಲಾರೂ. ಆದ್ರ ಇವತ್ತ ನೀ ಬಂಡಿಯಿಂದ ಬಿದ್ದಿ ನೋಡು, ದೊಡ್ಡ ಹುಣಸಿಮರದ ಕೆಳಗ! ಅಬ್ಬಬ್ಬಾ! ಕಿರೀಟ ಒಂದ ಕಡೆ, ನೀ ಒಂದ ಕಡೆ! ಎತ್ತು ಸೈತ ತಿರಗಿ ನೋಡಿದ್ವು! ಹಿರೇಕೆರೂರ ಪಿಚ್ಚರ್ ಟೆಂಟಿನ್ಯಾಗ ಇದನ್ನ ನೋಡಿ ಜನಾ ಹೊಟ್ಟಿ ಹಿಡಕೊಂಡು ನಗತಾರ…

ಏನಂದಿ? ಎರಡನೇ ಸಲ ಯಾಕ ಬೀಳಿಸಿದಿ ಅಂತೀಯೇನು?

ಹೌದು, ಇನ್ನೊಮ್ಮೆ ಬೀಳು ಅಂದಾಕಿ ನಾನ. ಮೊದಲ ಬಿದ್ದದ್ದೂ ಚಲೋನ ಇತ್ತು, ಖರೆ. ಆದ್ರ ಬಿಸಲು ಇನ್ನೂ ಇತ್ತಲ್ಲ… ಅಷ್ಟ ಲಗೂ ಮುಗಿಸಿದ್ರ ಎಲ್ಲಾರೂ ಯಾಕ ಅಂತ ಕೇಳತಿದ್ರು…

ಆ ಕಡೆ ಯಾಕ ನೋಡತಿ? ಕ್ಯಾಮೆರಾ ಅದು, ಮತ್ತೇನು! ಮಜೀದ ಹಿಡಿಕಿ ತಿರುವತಿದ್ದಿಲ್ಲೇನು? ಕಣ್ಣಾರೆ ನೋಡಿದಿಲ್ಲೋ?… ಏನು, ತಗದ ತೋರಸಲಾ? ಬೆಳಕ ಬಿದ್ರ ರೀಲು ಕೆಡತೈತಣ್ಣಾ! ಅಷ್ಟೂ ತಿಳೀದಿಲ್ಲ ನಿನಗ?

ಹಂಗ ನೋಡಬ್ಯಾಡ. ಬೇಕಾದ್ರ ಬೈಯಿ. ಎದ್ದು ಹೊಡಿ. ಏಳಾಕ ಬರೂದಿಲ್ಲ… ಹೌದು, ಏಳಾಕ ಬರೂದಿಲ್ಲ ನಿನಗ.

ಅಣ್ಣಾ? ಮಜೀದನ್ನ ಯಾಕ ಕರೀತಿ?

…ಮಜೀದಗ ಏನೂ ಅನಬ್ಯಾಡ. ಸುಮ್ನ ತಿರುವಕೋತ ಇರು ಅಂತ ಅವಗ ನಾನ ಹೇಳೇನಿ. ರೀಲು ಹೋದ ವಾರನ ತೀರ್ಯಾವ. ಯುದ್ಧ ಹತ್ತಿದ ಮ್ಯಾಲೆ ಸರಕಾರದ ಪರವಾನಗಿ ಇಲ್ಲದ ಯಾರೂ ರೀಲು ಕೊಡವಲ್ರು. ಇವತ್ತ ಬಂದೀತು, ನಾಳೆ ಬಂದೀತು ಅಂತ ನಾ… ಕೆಲಸ ನಿಂತರ ನೀವೆಲ್ಲಾ ತಿರಗಿ ಪರಮೇಶಪ್ಪನ ಕಡೆ ಹೋಗತಿದ್ರಿ. ಅವ ನಗತಿದ್ದ. ಅವನ ನಗಿ ಒಂದ ನನ್ನ ಕೈಲೆ ತಡಿಯಾಕ ಆಗೂದಿಲ್ಲಣ್ಣಾ.

ಈ ಕ್ಯಾಮೆರಾ ನಂದು. ಯಾರ ಪಾಲೂ ಇಲ್ಲ ಇದರಾಗ. ದುಂಡಸಿ ಊರಾಗಿನ ನನ್ನ ಹೊಲಾ ಕೊಟ್ಟು ತಗೊಂಡೆ, ಇವತ್ತ ನಿನ್ನ ಕಾಲೂ ಕೊಟ್ಟೆ. ಒಳಗ ಏನೂ ಇಲ್ಲ. ನೀ ಬಿದ್ದದ್ದೂ ಇಲ್ಲ.