ಬಿಳಿ ದೀಪಸ್ತಂಭವನ್ನು ಕೆಂಪು ಎಂದವಳು ನಾನು

ಹೇಸಾನ್ ಬಂದರು ಠಾಣೆಯ ಅಧಿಕಾರಿಗಳಿಗೆ,

ನೀವು ಕರೆಯದೆಯೇ, ಅದೂ ಮೂರು ದಿನ ತಡವಾಗಿ ಬರೆಯುತ್ತಿರುವುದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ.

ಹೆಸರು ಗಾವುನ್ ಲಾಕ್‌ವುಡ್. ವಯಸ್ಸು 18 (ಹುಟ್ಟಿದಾಗಲೇ ಒಂದು, ಪ್ರತಿ ಹೊಸವರ್ಷಕ್ಕೆ ಇನ್ನೊಂದು ಎಂದು ಎಣಿಸುವ ಅಜ್ಜಿಯ ಲೆಕ್ಕದಲ್ಲಿ 20). ನೌಕಾಯಾನ ಕಾಲೇಜಿನಲ್ಲಿ ಮೊದಲ ವರ್ಷದ ವಿದ್ಯಾರ್ಥಿನಿ. ವಾಸ ಕಾಲೇಜು ಹಾಸ್ಟೆಲ್, ಕೋಣೆ 417. ಈ ಮೂಲಕ ತಿಳಿಸುವುದೇನೆಂದರೆ:

ದಿನಾಂಕ 13-4-2024, ಶನಿವಾರ ಬೆಳಿಗ್ಗೆ 6.40ಕ್ಕೆ ತರಗತಿಯ ಕೆಲಸಕ್ಕೆಂದು ಬಂದರಿನ ಅಲೆತಡೆ ಗೋಡೆಯ ಅಳತೆ ಬರೆದುಕೊಳ್ಳಲು ಹೋಗಿದ್ದೆ. ಅಲ್ಲಿಗೆ ಅದೇ ಮೊದಲ ಸಲ. ಮಂಜು ದಟ್ಟವಾಗಿತ್ತು. ದೊಡ್ಡ ಸೇತುವೆಯಾಗಲಿ, ಗೋಡೆಯ ತುದಿಯ ದೀಪಸ್ತಂಭವಾಗಲಿ ಕಾಣುತ್ತಿರಲಿಲ್ಲ. ಗೋಡೆಯ ಬುಡದಲ್ಲಿ ಗಾಳದ ಹುಳು ಮಾರುವ ತಾಕ್ ಮಾಲ್‌ಸುನ್ (61) ಎಂಬ ಹೆಂಗಸಿನ ಅಂಗಡಿ ಮಾತ್ರ ತೆರೆದಿತ್ತು.

7.10ಕ್ಕೆ, ಅಂಗಡಿಯಿಂದ 180 ಮೀಟರ್ ದೂರದಲ್ಲಿ, ಕೆಳಗಿನಿಂದ ಯಾರೋ ಕೂಗಿದ್ದು ಕೇಳಿಸಿತು. ಗೋಡೆಯ ಹೊರಬದಿಗೆ ಪೇರಿಸಿರುವ ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿಗಳ ಸಂದಿಯಲ್ಲಿ, ಮೂರು ಮೀಟರ್ ಕೆಳಗೆ, ಮೀನು ಹಿಡಿಯಲು ಬಂದಿದ್ದ ಮೊ ಪಿಲ್‌ಗು (74) ಬಿದ್ದಿದ್ದರು. ನೀರು ಅವರ ಮೊಣಕಾಲಿಗಿತ್ತು. ಉಬ್ಬರ ಏರುತ್ತಿತ್ತು. ನನ್ನ ಕೂಗಿಗೆ ಮಾಲ್‌ಸುನ್ ಓಡಿ ಬಂದರು.

7.12ಕ್ಕೆ ನಾನು ತುರ್ತು ರಕ್ಷಣೆಯ 119ಕ್ಕೆ ಕರೆ ಮಾಡಿದೆ. ಕೆಂಪು ದೀಪಸ್ತಂಭದ ಗೋಡೆಯೋ ಬಿಳಿಯದೋ ಎಂದು ಅವರು ಕೇಳಿದರು. ಈ ಊರಿನಲ್ಲಿ ಎಲ್ಲರೂ ಗೋಡೆಗಳನ್ನು ಹಾಗೆಯೇ ಗುರುತು ಹೇಳುವುದು. ಕಡಲಿನಿಂದ ಒಳಬರುವವರಿಗೆ ನಾನಿದ್ದ ಗೋಡೆ ಎಡಕ್ಕೆ ಬರುತ್ತದೆಂದು ನಕ್ಷೆಯಿಂದ ಗೊತ್ತಿತ್ತು. ನನ್ನ ತಂದೆ ಇಂಗ್ಲೆಂಡಿನವರು. ಒಂಬತ್ತನೇ ವಯಸ್ಸಿನಿಂದ ನಾನು ಹಾಸ್ಟೆಲಿನಲ್ಲೇ ಓದಿದ್ದು, ಅವರು ರಜೆಯಲ್ಲಿ ಮಾತ್ರ ಸಿಗುತ್ತಿದ್ದರು. ದೋಣಿಯಲ್ಲಿ ನನ್ನ ಕೈಮೇಲೆ ಕೈಯಿಟ್ಟು, ಮನೆಗೆ ಮರಳುವಾಗ ಕೆಂಪು ಯಾವಾಗಲೂ ಎಡಕ್ಕೆ ಎಂದು ಕಲಿಸಿದ್ದರು. ಅವರ ದೇಶದಲ್ಲಿ ಅದು ಸರಿ. ಇಲ್ಲಿ ಕೆಂಪು ಬಲಕ್ಕೆ, ಬಿಳಿ ಎಡಕ್ಕೆ. ಕಳೆದ ತಿಂಗಳ ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆದಿದ್ದೆ. ಆದರೆ ಆಗ ಬಾಯಿಗೆ ಬಂದದ್ದು ಅಪ್ಪನ ಪಾಠ. ಕೆಂಪು ಎಂದೆ. ಮಾಲ್‌ಸುನ್ ಅವರನ್ನು ಕೇಳಲಿಲ್ಲ. ಅವರು ಕೆಳಗಿಳಿದು ದಿಮ್ಮಿಯ ಮೇಲೆ ಬೋರಲು ಮಲಗಿ ಪಿಲ್‌ಗು ಅವರ ಅಂಗಿಯ ಕೊರಳಪಟ್ಟಿ ಹಿಡಿದುಕೊಂಡಿದ್ದರು.

ಹತ್ತು ನಿಮಿಷವಾದರೂ ರಕ್ಷಣಾ ದೋಣಿ ಬರಲಿಲ್ಲ. ನೀರು ಸೊಂಟ ದಾಟಿತು. ಪಿಲ್‌ಗು ಕಣ್ಣು ಮುಚ್ಚತೊಡಗಿದಾಗ ಮಾಲ್‌ಸುನ್, ಅಣ್ಣಾ, ನಿದ್ದೆಗಿದ್ದೆ ಮಾಡಿದ್ರೆ ನೋಡು, ನಿನ್ ಗಾಳ ಎಲ್ಲಾ ಆಚೆ ಗೋಡೆಯೋರಿಗೆ ಕೊಟ್ಬಿಡ್ತೀನಿ ಎಂದು ಗದರಿದರು. ಪಿಲ್‌ಗು ಹಲ್ಲು ಕಟಕಟಿಸುತ್ತಲೇ, ಸಮುದ್ರಕ್ಕಾದ್ರೂ ಎಸಿ, ಆ ಕೆಂಪು ಕಡೆಯೋರಿಗೆ ಮಾತ್ರ ಕೊಡ್ಬೇಡ, ಒಂದು ಗಂಟು ಹಾಕೋಕೂ ಬರಲ್ಲ ಅವ್ರಿಗೆ ಎಂದರು. ಕೆಂಪು ಆಚೆಯದು ಎಂದು ನನಗೆ ತಿಳಿದದ್ದು ಆಗಲೇ.

7.23ಕ್ಕೆ ಮತ್ತೆ ಕರೆ ಮಾಡಿ ಬಿಳಿ ಎಂದೆ. ಮಾಲ್‌ಸುನ್ ಹೇಳಿದಂತೆ ಅಂಗಡಿಯಿಂದ ಹುಳುವಿನ ತಗಡಿನ ಬೋಗುಣಿ ತಂದು ಬಡಿಯುತ್ತಾ ನಿಂತೆ. ಆ ಸದ್ದು ಹಿಡಿದು ದೋಣಿ 7.31ಕ್ಕೆ ಬಂತು. ನೀರು ಪಿಲ್‌ಗು ಅವರ ಎದೆಯವರೆಗಿತ್ತು. ಅವರನ್ನು ಜೀವಂತವಾಗಿ ಮೇಲೆತ್ತಿ ಆಸ್ಪತ್ರೆಗೆ ಕರೆದೊಯ್ದರು.

7.50ಕ್ಕೆ ನಿಮ್ಮ ಇನ್‌ಸ್ಪೆಕ್ಟರ್ ಬಂದು ಕೆಂಪು ಎಂದವರು ಯಾರು ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಲ್‌ಸುನ್, ನಾನೇ ಸಾರ್, ಈ ಮಗೂಗೆ ನಾನೇ ಹೇಳ್ಕೊಟ್ಟಿದ್ದು ಎಂದರು. ಮೂವತ್ತೊಂದು ವರ್ಷ ಇಲ್ಲೇ ಕೂತು ಬಣ್ಣ ಗೊತ್ತಿಲ್ವಾ ಎಂದು ಇನ್‌ಸ್ಪೆಕ್ಟರ್ ರೇಗಿದರು. ಮಾಲ್‌ಸುನ್ ನಕ್ಕು, ಹುಳ ನೋಡಿ ನೋಡಿ ಕಣ್ಣೇ ಹೋಗಿದೆ ಎಂದರು. ಆಮೇಲೆ ನನಗೆ ಬಿಸಿ ಮೀನಿನ ಸಾರು ಕೊಟ್ಟು, ನಿನ್ ಹೆಸ್ರು ಕೆಟ್ರೆ ತರಬೇತಿ ಹಡಗು ಹತ್ತಿಸ್ಕೊಳಲ್ಲ ಕಣೇ, ಸುಮ್ನೆ ಕುಡಿ ಎಂದರು. ನಾನು ಸುಮ್ಮನೆ ಕುಡಿದೆ.

ನಿನ್ನೆ ಸಂಜೆ 5ಕ್ಕೆ ಬೋಗುಣಿಗೆ ಬಿದ್ದ ತಗ್ಗು ಸರಿಮಾಡಿಸಿಕೊಡೋಣವೆಂದು ಹೋದಾಗ ಅಂಗಡಿಯ ಬಾಗಿಲಿಗೆ ನೋಟಿಸು ಅಂಟಿಸಿತ್ತು. ತಪ್ಪು ಸ್ಥಳ ತಿಳಿಸಿ ರಕ್ಷಣೆ ತಡಮಾಡಿದ್ದಕ್ಕಾಗಿ 22ರಿಂದ ಅಂಗಡಿ ತೆರೆಯುವಂತಿಲ್ಲ ಎಂದಿತ್ತು. ಮಾಲ್‌ಸುನ್ ಅದರ ಮೇಲೆ ಟವೆಲು ಒಣಹಾಕಿದ್ದರು.

ಅವರು ತಪ್ಪು ಹೇಳಲಿಲ್ಲ. ಅವರು ಬಣ್ಣದ ಮಾತೇ ಆಡಲಿಲ್ಲ. ಎರಡೂ ಕರೆಗಳ ಧ್ವನಿಮುದ್ರಣ ಕೇಳಿದರೆ ತಿಳಿಯುತ್ತದೆ. ತಪ್ಪು ನನ್ನದು, ಸುಮ್ಮನಿದ್ದದ್ದೂ ನನ್ನದೇ. ಯಾರ ಒತ್ತಾಯವೂ ಇಲ್ಲದೆ, ನಡೆದದ್ದನ್ನು ನಡೆದ ಹಾಗೆ ಬರೆದು, ಓದಿ ನೋಡಿ ರುಜು ಹಾಕಿದ್ದೇನೆ.

ಸ್ಥಳ: ಹೇಸಾನ್
ದಿನಾಂಕ: 16-4-2024
ಸಹಿ: ಗಾವುನ್ ಲಾಕ್‌ವುಡ್

ಸೋಮವಾರ ಬೆಳಿಗ್ಗೆ ಅಂಗಡಿಗೆ ಬೀಗ ಬೀಳುತ್ತದೆ. ದಯವಿಟ್ಟು ಶುಕ್ರವಾರದೊಳಗೆ ಉತ್ತರ ಕೊಡಿ.