ಕನ್ನಡಕ ಕಳಚಿದರೂ ಅದೇ ಕಣ್ಣು

ನಮ್ಮ ಕಣ್ಣಿನ ಶಿಬಿರದಲ್ಲಿ ಒಂದು ತಪ್ಪು ನಡೆದಿದೆ, ಅದನ್ನು ಮಾಡಿದವಳು ನಾನು. ಇದನ್ನು ಹೇಳದೆ ನಿಮ್ಮ ಶಾಲು ಹೊದೆಯಲಾರೆ. ಅಧ್ಯಕ್ಷರಾದ ದತ್ತಪ್ಪನವರೇ, ವೇದಿಕೆಯ ಹಿರಿಯರೇ, ಕಮಲಾಪುರದ ಸಭಿಕರೇ, ಶಹಾಬಜಾರದ ಈ ಸೌಂದರ್ಯಾಳ ಮಾತನ್ನು ಸ್ವಲ್ಪ ಕೇಳಿ.

ಕಳೆದ ತಿಂಗಳು ಈ ಊರಿನ ನೂರಾ ಹತ್ತು ಜನರಿಗೆ ಕಣ್ಣಿನ ಪೊರೆ ತೆಗೆಸಿದೆವು. "ಪೊರೆ ತೆಗೆಸಿ, ಕನ್ನಡಕ ಬಿಸಾಡಿ" ಎಂದು ಕರಪತ್ರ ಬರೆದವಳು ನಾನೇ. ಬಿಸಾಡಿದ ಕನ್ನಡಕಗಳನ್ನು ದಾರಕ್ಕೆ ಕಟ್ಟಿ ಇಲ್ಲಿನ ನಮ್ಮ ಸಂಘದ ಬಾಗಿಲಿಗೆ ತೋರಣ ಮಾಡಿದೆವು. ಯಾವುದು ಯಾರದೆಂದು ಬರೆದಿಡಲಿಲ್ಲ. ಕನ್ನಡಕದ ಮೇಲೆ ನನಗೇಕೆ ಅಷ್ಟು ಸಿಟ್ಟು? ನನ್ನದು ಮೈನಸ್ ಒಂಬತ್ತು. ನನ್ನನ್ನು ನೋಡಲು ಬಂದವರ ಮುಂದೆ ಅವ್ವ ಅದನ್ನು ತೆಗೆಸಿದ್ದಳು. ಮೇಜೆಂದು ತಿಳಿದು ಚಹಾದ ಕಪ್ಪನ್ನು ಹುಡುಗನ ತಂದೆಯ ತೊಡೆಯ ಮೇಲಿಟ್ಟೆ. ಸಂಬಂಧ ಅಲ್ಲಿಗೇ ಮುಗಿಯಿತು. ಒಳ್ಳೆಯದೇ ಆಯಿತು, ಬಿಡಿ.

ಟೈಲರ್ ಕಾಶಿರಾಯ ಕಾಕಾ ಆಪರೇಷನ್ ಆದ ಹದಿನೈದನೇ ದಿನ ಬಂದು, ಕಣ್ಣಂಚಿನಲ್ಲಿ ಮಿಂಚು ಹೊಡೆಯುತ್ತದೆ, ಕಪ್ಪು ಚುಕ್ಕೆಗಳು ತೇಲುತ್ತವೆ ಎಂದರು. ನಾನೇನೆಂದೆ? "ಹೊಸಾ ಬೆಳಕು ಕಾಕಾ, ರೂಢಿ ಆಗ್ತದ." ಯಾವ ಅಧಿಕಾರದಿಂದ ಹೇಳಿದೆ? ಮೂರು ಕರಪತ್ರ ಓದಿದ ಅಧಿಕಾರದಿಂದ.

ಅವರ ಹೆಂಡತಿ ಮಹಾದೇವಮ್ಮ ಒಪ್ಪಲಿಲ್ಲ. "ನೀ ಡಾಕ್ಟರ್ ಇದ್ದೀಯೇನವ್ವಾ? ಚೀಟಿ ಹಂಚು ಹೋಗು" ಎಂದವರೇ ತೋರಣದಿಂದ ಗಂಡನ ಕನ್ನಡಕ ಕಿತ್ತುಕೊಂಡು ಕಲಬುರಗಿ ಬಸ್ ಹತ್ತಿದರು. ನಾಚಿಕೆಯಿಂದ ನಾನೂ ಹಿಂದೆ ಹೋದೆ. ಸೇಡಂ ರಸ್ತೆಯ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರ್ ಸುನಂದಾ ಆ ದಪ್ಪ ಗಾಜು ನೋಡಿದೊಡನೆ ಹನಿ ಹಾಕಿಸಿ ಪರೀಕ್ಷಿಸಿದರು.

"ದೂರದ್ದು ಕಾಣಲಾರದ ಕಣ್ಣು ಉದ್ದ ಬೆಳೆದಿರ್ತದ್ರೀ. ಕಣ್ಣಿನ ಹಿಂದಿನ ಪರದೆ ಜಗ್ಗಿ ತೆಳ್ಳಗಾಗಿರ್ತದ. ಪೊರೆ ತೆಗೆದರೂ ಅದು ಅದೇ ಕಣ್ಣು."

ಪರದೆ ಒಂದು ಕಡೆ ಹರಿದಿತ್ತು. ಅಂದೇ ಸುತ್ತ ಲೇಸರ್ ಹಾಕಿದರು. ತಡವಾಗಿದ್ದರೆ ಪರದೆಯೇ ಕಳಚಿ ದೃಷ್ಟಿ ಹೋಗಬಹುದಿತ್ತು. ಇಂದು ಕಾಕಾ ಮುಂದಿನ ಸಾಲಿನಲ್ಲಿದ್ದಾರೆ. ಈ ಶಾಮಿಯಾನದ ಹೊಲಿಗೆ ಓರೆಯಿದೆ ಎಂದು ಆಗಲೇ ದೂರಿದ್ದಾರೆ. ನನಗೆ ಅದಕ್ಕಿಂತ ದೊಡ್ಡ ಸನ್ಮಾನ ಯಾವುದು?

ಇನ್ನು ಮುಂದೆ ದಪ್ಪ ಕನ್ನಡಕದವರಿಗೆ ಹಿಂದಿನ ಪರದೆ ನೋಡಿಸದೆ ಆಪರೇಷನ್ ಇಲ್ಲ. ಹಳೆಯ ನಂಬರನ್ನು ಕಾರ್ಡಿನ ಮೇಲೆ ಬರೆಯದೆ ಯಾರನ್ನೂ ಮನೆಗೆ ಕಳಿಸುವುದಿಲ್ಲ.

ಆದರೆ ತೋರಣದಲ್ಲಿ ಅಂಥ ಕನ್ನಡಕ ಇನ್ನೂ ಹನ್ನೊಂದಿದ್ದವು. ಏಳು ಜನ ಸಿಕ್ಕರು, ಪರೀಕ್ಷೆ ಆಯಿತು. ಉಳಿದ ನಾಲ್ವರು ಯಾರು? ನಿಮ್ಮ ಮಗ್ಗುಲಲ್ಲೇ ಕುಳಿತಿರಬಹುದು. ಮಿಂಚೋ, ಚುಕ್ಕೆಯೋ, ಅಡ್ಡ ಬರುವ ನೆರಳೋ ಕಂಡಿದ್ದರೆ ನಾಳೆಗೆ ಕಾಯಬೇಡಿ, ಈಗಲೇ ಎದ್ದು ಬನ್ನಿ, ಭಾಷಣ ನಿಲ್ಲಿಸಿ ನಿಮ್ಮೊಡನೆ ಹೊರಡುತ್ತೇನೆ. ದಪ್ಪ ಕನ್ನಡಕ ಹಾಕುತ್ತಿದ್ದವರು, ಇದ್ಯಾವುದೂ ಕಾಣದಿದ್ದರೂ ನಾಳೆಯ ಪರೀಕ್ಷೆ ತಪ್ಪಿಸಬೇಡಿ. ಇಷ್ಟು ಹೊತ್ತು ನನ್ನ ತಪ್ಪನ್ನು ಸಹನೆಯಿಂದ ಕೇಳಿದ್ದಕ್ಕೆ ಋಣಿ. ನಿಮಗೆಲ್ಲ ನಮಸ್ಕಾರ. ನಾಳೆ ಬುಧವಾರ, ಬೆಳಿಗ್ಗೆ ಏಳೂವರೆಗೆ, ಕಮಲಾಪುರ ಬಸ್ ನಿಲ್ದಾಣ.